ಐವತ್ತು ಸಂಕಲ್ಪಗಳ ವಕೀಲ

ನೀತಿಯನ್ನು ಕಲಿಸುವುದಕ್ಕೆ ಯಾರು ಅರ್ಹರು? ಇದು ಬಹಳ ಹಳೆಯ ಪ್ರಶ್ನೆ. ಹಿಂದಿನವರು ಇದಕ್ಕೆ ಉತ್ತರವಾಗಿ ಗುರುವನ್ನೋ, ಸಂತನನ್ನೋ, ಶಾಸ್ತ್ರ ಬಲ್ಲವನನ್ನೋ ತೋರಿಸುತ್ತಿದ್ದರು. ಇಂದು ಕಾನೂನು ಕಾಲೇಜಿನಲ್ಲಿ, ವೈದ್ಯಕೀಯ ಕಾಲೇಜಿನಲ್ಲಿ, ಇಂಜಿನಿಯರಿಂಗ್ ಕಾಲೇಜಿನಲ್ಲಿ ವೃತ್ತಿಧರ್ಮವೆಂಬುದು ಪಾಠಪಟ್ಟಿಯಲ್ಲಿಯೇ ಸೇರಿಕೊಂಡಿದೆ. ಅದಕ್ಕೊಂದು ಪುಸ್ತಕ, ಒಂದು ಪರೀಕ್ಷೆ, ಇಷ್ಟು ಅಂಕಗಳೆಂಬ ಲೆಕ್ಕ. ಆದರೆ ಅದನ್ನು ಬೋಧಿಸುವವರು ಬಹುಮಟ್ಟಿಗೆ ತತ್ತ್ವಶಾಸ್ತ್ರವನ್ನು ಕ್ರಮವಾಗಿ ಓದಿದವರಲ್ಲ. ಕಾನೂನು ಕಲಿಸುವ ವಕೀಲರೇ ವಕೀಲರ ಧರ್ಮವನ್ನೂ ಕಲಿಸುತ್ತಾರೆ. ಶಸ್ತ್ರಚಿಕಿತ್ಸೆ ಕಲಿಸುವ ವೈದ್ಯರೇ ವೈದ್ಯರ ಧರ್ಮವನ್ನೂ ಹೇಳಿಕೊಡುತ್ತಾರೆ. ಪ್ಲೇಟೋವನ್ನಾಗಲಿ ಶಂಕರರನ್ನಾಗಲಿ ಅಭ್ಯಾಸ ಮಾಡದವರು ಒಳಿತು ಕೆಡುಕುಗಳ ಪಾಠ ಹೇಳಬಹುದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನಾನು ವಾದದಿಂದ ಉತ್ತರ ಹೇಳಲಾರೆ. ಅಷ್ಟು ವಿದ್ಯೆ ನನಗಿಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ಕೆಲಸಕ್ಕೆ ಕೈಹಾಕಿದ ಒಬ್ಬನ ಜೀವನವನ್ನು ಹೇಳುತ್ತೇನೆ. ಓದುಗರು ತಾವೇ ತೀರ್ಮಾನಿಸಬಹುದು.

ಅವನ ಹೆಸರು ಡೇವಿಡ್ ಹಾಫ್‌ಮನ್. ನಮ್ಮ ನಾಡಿನಲ್ಲಿ ಆ ಹೆಸರನ್ನು ಕೇಳಿದವರು ಕಡಮೆ. ಆದರೆ ಅಮೆರಿಕದ ಕಾನೂನು ಜಗತ್ತಿನಲ್ಲಿ ವಕೀಲರ ವೃತ್ತಿಧರ್ಮದ ಮಾತು ಬಂದಲ್ಲೆಲ್ಲಾ ಅವನ ಹೆಸರು ಬಂದೇ ಬರುತ್ತದೆ. ಆ ದೇಶದಲ್ಲಿ ಅದರ ಮೂಲಪುರುಷನೆಂದೇ ಅವನನ್ನು ಕರೆಯುವುದುಂಟು.

ಹಾಫ್‌ಮನ್ನನು 1784ನೆಯ ಇಸವಿ ಡಿಸೆಂಬರ್ 24ರಂದು ಮೇರಿಲ್ಯಾಂಡ್ ಸಂಸ್ಥಾನದ ಬಾಲ್ಟಿಮೋರ್ ನಗರದಲ್ಲಿ ಹುಟ್ಟಿದನು. ಅಮೆರಿಕವು ಇಂಗ್ಲೆಂಡಿನ ಕೈಯಿಂದ ಬಿಡಿಸಿಕೊಂಡು ಆಗ ಹೆಚ್ಚು ಕಾಲವಾಗಿರಲಿಲ್ಲ. ಅವನದು ವರ್ತಕರ ಮನೆತನ. ಊರೂ ವ್ಯಾಪಾರದ ಊರೇ. ಅದು ಬಂದರು, ಹಡಗುಗಳು ಬರುತ್ತಿದ್ದುವು, ಗೋಧಿ ಹಿಟ್ಟಿನ ಪೀಪಾಯಿಗಳು ಹೊರದೇಶಗಳಿಗೆ ಹೋಗುತ್ತಿದ್ದುವು. 1810ರ ಜನಗಣತಿಯ ವೇಳೆಗೆ ಬಾಲ್ಟಿಮೋರ್ 46 ಸಾವಿರಕ್ಕೆ ಮಿಕ್ಕ ಜನರುಳ್ಳ, ದೇಶದ ಮೂರನೆಯ ದೊಡ್ಡ ನಗರವಾಗಿತ್ತು. ವ್ಯಾಪಾರ ಬೆಳೆದಲ್ಲಿ ಸಾಲ ಬೆಳೆಯುತ್ತದೆ. ಸಾಲ ಬೆಳೆದಲ್ಲಿ ವ್ಯಾಜ್ಯ ಬೆಳೆಯುತ್ತದೆ. ವ್ಯಾಜ್ಯ ಬೆಳೆದಲ್ಲಿ ವಕೀಲರು ಬೆಳೆಯುತ್ತಾರೆ. ಹಾಫ್‌ಮನ್ನನು ಅನ್ನಾಪೊಲಿಸ್ ಎಂಬ ಊರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಕೆಲವು ಕಾಲ ಓದಿ, ಮುಂದೆ ವಕೀಲನಾಗಿ, ತನ್ನ ಹುಟ್ಟೂರಿನಲ್ಲಿಯೇ ಒಳ್ಳೆಯ ಹೆಸರನ್ನೂ ಹಣವನ್ನೂ ಸಂಪಾದಿಸಿದನು.

ಆ ಕಾಲದಲ್ಲಿ ವಕೀಲನಾಗುವ ದಾರಿ ಹೇಗಿತ್ತೆಂಬುದನ್ನು ಇಲ್ಲಿ ಹೇಳಬೇಕು. ಕಾನೂನು ಕಲಿಸುವ ಶಾಲೆಗಳು ದೇಶದಲ್ಲಿ ಒಂದೆರಡು ಇದ್ದರೂ ಸಾಮಾನ್ಯವಾಗಿ ಹುಡುಗನೊಬ್ಬನು ಹಿರಿಯ ವಕೀಲರೊಬ್ಬರ ಕಚೇರಿಗೆ ಸೇರುತ್ತಿದ್ದನು. ಅಲ್ಲಿ ಕಾಗದಪತ್ರಗಳನ್ನು ನಕಲು ಮಾಡುವುದು, ಅರ್ಜಿಗಳನ್ನು ಬರೆಯುವುದು, ಬಿಡುವು ಸಿಕ್ಕಾಗ ಇಂಗ್ಲೆಂಡಿನ ಬ್ಲ್ಯಾಕ್‌ಸ್ಟೋನನ ಕಾನೂನು ಗ್ರಂಥವನ್ನು ಓದುವುದು, ಇದೇ ವಿದ್ಯಾಭ್ಯಾಸ. ಕೆಲವು ವರ್ಷ ಹೀಗೆ ಕಳೆದ ಮೇಲೆ ನ್ಯಾಯಾಧೀಶರ ಮುಂದೆ ನಿಂತು ಪ್ರಮಾಣ ಮಾಡಿದರೆ ಅವನೂ ವಕೀಲನೇ. ಗುರು ಯೋಗ್ಯನಾದರೆ ಶಿಷ್ಯನು ಯೋಗ್ಯತೆಯನ್ನು ಕಲಿಯುವನು. ಗುರು ಕುಟಿಲನಾದರೆ ಕುಟಿಲತೆಯನ್ನು. ಧರ್ಮಾಧರ್ಮಗಳ ಪಾಠವೆಲ್ಲಾ ಹೀಗೆ ಅದೃಷ್ಟದ ಮೇಲೆ ನಿಂತಿತ್ತು.

ಬಾಲ್ಟಿಮೋರಿನಲ್ಲಿ 1807ರಲ್ಲಿ ಒಂದು ವೈದ್ಯ ಕಾಲೇಜು ಸ್ಥಾಪಿತವಾಗಿತ್ತು. 1812ರಲ್ಲಿ ಅದು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವಾಗಿ ವಿಸ್ತಾರಗೊಂಡಿತು. ವೈದ್ಯದ ಜೊತೆಗೆ ಕಾನೂನಿಗೂ ಒಂದು ವಿಭಾಗವಿರಬೇಕೆಂದು ನಿಶ್ಚಯವಾಗಿ, ಅದರ ಪ್ರಾಧ್ಯಾಪಕ ಸ್ಥಾನಕ್ಕೆ ಮೂವತ್ತರ ಆಸುಪಾಸಿನ ಹಾಫ್‌ಮನ್ನನ ಹೆಸರು ಬಂತು. ವಿಭಾಗವೇನೋ ಕಾಗದದ ಮೇಲಿತ್ತು. ತರಗತಿಯಿರಲಿಲ್ಲ, ಪಾಠಕ್ರಮವಿರಲಿಲ್ಲ, ಅನುಸರಿಸಲು ಹಿಂದಿನವರ ಮೇಲ್ಪಂಕ್ತಿಯೂ ಹೆಚ್ಚಾಗಿರಲಿಲ್ಲ. ಕಚೇರಿಯಲ್ಲಿ ಫೀಜು ತೆಗೆದುಕೊಂಡು ನೆಮ್ಮದಿಯಾಗಿರಬಹುದಾಗಿದ್ದ ವಕೀಲನು ಕಾನೂನನ್ನು ಹೇಗೆ ಓದಬೇಕೆಂಬುದನ್ನು ಕುರಿತು ಒಂದು ಗ್ರಂಥವನ್ನೇ ಬರೆಯಲು ಕುಳಿತನು.

ಆ ಗ್ರಂಥವು 1817ರಲ್ಲಿ ಹೊರಬಂತು. ಕಾನೂನು ವಿದ್ಯಾರ್ಥಿಯು ಯಾವ ಪುಸ್ತಕವನ್ನು ಯಾವುದರ ಅನಂತರ ಓದಬೇಕು, ಏಕೆ ಓದಬೇಕು, ಓದಿ ಟಿಪ್ಪಣಿಗಳನ್ನು ಹೇಗೆ ಬರೆದಿಡಬೇಕು ಎಂಬುದನ್ನೆಲ್ಲಾ ಅದರಲ್ಲಿ ವಿವರಿಸಿದ್ದನು. ಅವನು ಹಾಕಿದ ಕ್ರಮದಂತೆ ಓದಿ ಮುಗಿಸಲು ಆರೇಳು ವರ್ಷಗಳು ಬೇಕಾಗುತ್ತಿದ್ದುವು! ಅದಕ್ಕಿಂತಲೂ ಆಶ್ಚರ್ಯದ ಸಂಗತಿಯೆಂದರೆ, ಮೊಟ್ಟಮೊದಲು ಓದಬೇಕಾದುವೆಂದು ಅವನು ಹೇಳಿದುವು ಕಾನೂನಿನ ಪುಸ್ತಕಗಳೇ ಅಲ್ಲ. ನೀತಿಯನ್ನೂ ರಾಜ್ಯಧರ್ಮವನ್ನೂ ಕುರಿತ ಗ್ರಂಥಗಳು. ಬೈಬಲ್, ಅರಿಸ್ಟಾಟಲನ ನೀತಿಶಾಸ್ತ್ರ, ರೋಮಿನ ಸಿಸೆರೋ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥ ಇವೆಲ್ಲಾ ಅಲ್ಲಿದ್ದುವು. ಸುಪ್ರೀಂ ಕೋರ್ಟಿನ ನ್ಯಾಯಾಧೀಶನೂ ಮಹಾ ವಿದ್ವಾಂಸನೂ ಆಗಿದ್ದ ಜೋಸೆಫ್ ಸ್ಟೋರಿಯು ಈ ಪುಸ್ತಕವನ್ನು ಓದಿ, ಅದೇ ವರ್ಷ ಪತ್ರಿಕೆಯೊಂದರಲ್ಲಿ ಬಹಳ ಮೆಚ್ಚಿ ವಿಮರ್ಶೆ ಬರೆದನು. ಹಾಫ್‌ಮನ್ನನ ಹೆಸರು ಬಾಲ್ಟಿಮೋರನ್ನು ದಾಟಿ ದೇಶಕ್ಕೆಲ್ಲಾ ತಿಳಿಯಿತು.

ಇಷ್ಟಾದರೂ ಅವನು ದಾರ್ಶನಿಕನೆಂದು ಯಾರೂ ಹೇಳಲಿಲ್ಲ, ಅವನೂ ಹೇಳಿಕೊಳ್ಳಲಿಲ್ಲ. ಅವನ ಓದು ವಕೀಲನ ಓದು. ದೊಡ್ಡ ದೊಡ್ಡ ಗ್ರಂಥಗಳನ್ನು ಶಿಷ್ಯರಿಗೆ ತೋರಿಸಿದನೇ ಹೊರತು ಅವುಗಳಿಗೆ ಭಾಷ್ಯ ಬರೆಯಲು ಹೋಗಲಿಲ್ಲ. ಅವನ ಮನಸ್ಸು ಓಡುತ್ತಿದ್ದುದು ಬೇರೆ ಕಡೆಗೆ. ಒಳ್ಳೆಯದೆಂದರೇನು ಎಂದು ಕೇಳುವುದು ದಾರ್ಶನಿಕನ ಕೆಲಸ. ಸುಳ್ಳು ದಾವೆಯನ್ನು ಹಿಡಿದುಕೊಂಡು ಬೆಳಗ್ಗೆ ನನ್ನ ಕಚೇರಿಯ ಬಾಗಿಲಲ್ಲಿ ನಿಂತಿರುವ ಈ ಕಕ್ಷಿಗಾರನಿಗೆ ಏನು ಹೇಳಲಿ ಎಂದು ಕೇಳುವುದು ವಕೀಲನ ಕೆಲಸ. ಹಾಫ್‌ಮನ್ನನು ಈ ಎರಡನೆಯ ಪ್ರಶ್ನೆಯನ್ನು ಹಿಡಿದನು.

1820ರ ದಶಕದ ಮೊದಲಲ್ಲಿ ಅವನ ತರಗತಿಗಳು ಪ್ರಾರಂಭವಾದುವು. ಉಪನ್ಯಾಸಗಳ ಜೊತೆಗೆ ಅಣಕು ನ್ಯಾಯಾಲಯವನ್ನೂ ನಡೆಸಿ ವಿದ್ಯಾರ್ಥಿಗಳಿಂದ ವಾದ ಮಾಡಿಸುತ್ತಿದ್ದನು. ಉಪನ್ಯಾಸಗಳ ಒಂದು ಭಾಗ 1829ರಲ್ಲಿ ಪುಸ್ತಕವಾಗಿಯೂ ಬಂತು. ಆದರೆ ಕನಸು ದೊಡ್ಡದು, ಕೇಳುವವರು ಸ್ವಲ್ಪ. ಬೇಗ ವಕೀಲನಾಗಿ ಬೇಗ ಸಂಪಾದಿಸಬೇಕೆಂಬ ಹುಡುಗರಿಗೆ ಆರೇಳು ವರ್ಷಗಳ ವ್ಯಾಸಂಗ ಯಾರಿಗೆ ಬೇಕು? ಹಿರಿಯ ವಕೀಲರ ಕಚೇರಿಯ ಹಳೆಯ ದಾರಿಯಂತೂ ತೆರೆದೇ ಇತ್ತು. ತರಗತಿ ಎಂದೂ ದೊಡ್ಡದಾಗಲಿಲ್ಲ. ಇದರ ಮೇಲೆ ವಿಶ್ವವಿದ್ಯಾನಿಲಯದ ಆಡಳಿತ ಯಾರದೆಂಬ ಜಗಳ ಬೇರೆ ಹುಟ್ಟಿಕೊಂಡಿತು. ಸಂಸ್ಥಾನದ ಸರ್ಕಾರವು ಹಿಂದಿನ ಆಡಳಿತ ಮಂಡಲಿಯನ್ನು ತೆಗೆದು ತನ್ನದೇ ಮಂಡಲಿಯನ್ನು ನೇಮಿಸಿತು. ಆ ವ್ಯಾಜ್ಯವು ಕೋರ್ಟಿನಲ್ಲಿ ತೀರ್ಮಾನವಾದುದು 1838ರಲ್ಲಿ. ಅಷ್ಟರೊಳಗಾಗಿ, 1830ರ ದಶಕದ ಮೊದಲಲ್ಲಿಯೇ, ಹಾಫ್‌ಮನ್ನನ ತರಗತಿ ನಿಂತುಹೋಗಿತ್ತು. ಮೂರು ದಶಕಗಳಿಗೂ ಮಿಕ್ಕು ಅಲ್ಲಿ ಕಾನೂನಿನ ಪಾಠ ಮತ್ತೆ ನಡೆಯಲಿಲ್ಲ. ಅಧ್ಯಾಪಕನಾಗಿ ಅವನು ಸೋತನೆಂದೇ ಹೇಳಬೇಕು.

ಸೋತವನು ಸುಮ್ಮನಾಗಲಿಲ್ಲ. 1836ರಲ್ಲಿ ತನ್ನ ಗ್ರಂಥವನ್ನು ತಿದ್ದಿ ಬೆಳೆಸಿ ಎರಡು ಸಂಪುಟಗಳಲ್ಲಿ ಮತ್ತೆ ಅಚ್ಚು ಹಾಕಿಸಿದನು. ಅದರಲ್ಲಿ ಹೊಸದಾಗಿ ಸೇರಿದ ಒಂದು ಸಣ್ಣ ಭಾಗವೇ ಅವನ ಹೆಸರನ್ನು ಇಂದಿಗೂ ಉಳಿಸಿರುವುದು. ಅದು ವೃತ್ತಿಯಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ಕುರಿತ ಐವತ್ತು ಸಂಕಲ್ಪಗಳು. ವಕೀಲ ವೃತ್ತಿಗೆ ಕಾಲಿಡುವ ತರುಣನು ಇವುಗಳನ್ನು ತನ್ನವೆಂದು ಸ್ವೀಕರಿಸಬೇಕೆಂಬುದು ಅವನ ಆಶಯ.

ಈ ಸಂಕಲ್ಪಗಳಲ್ಲಿ ನನ್ನ ಮನಸ್ಸನ್ನು ಮೊದಲು ಸೆಳೆದುದು ಅವುಗಳ ವಾಕ್ಯರಚನೆ. ನೀನು ಹೀಗೆ ಮಾಡತಕ್ಕದ್ದು, ನೀನು ಹಾಗೆ ಮಾಡಕೂಡದು ಎಂಬ ಧಾಟಿ ಅಲ್ಲಿಲ್ಲ. ಒಂದೊಂದೂ ನಾನು ಎಂಬವನ ಮಾತು. ಕಕ್ಷಿಗಾರನ ದಾವೆ ನಿಲ್ಲಲಾರದೆಂದು, ಅಥವಾ ನಿಲ್ಲಬಾರದೆಂದು ನನಗೆ ಮನವರಿಕೆಯಾದರೆ ಅದನ್ನು ಬಿಟ್ಟುಬಿಡೆಂದು ತಡಮಾಡದೆ ಹೇಳುವೆನು. ಎದುರಾಳಿಯನ್ನು ಸತಾಯಿಸುವುದಕ್ಕಾಗಿ ಹೂಡುವ ಹುರುಳಿಲ್ಲದ ತಕರಾರುಗಳಿಗೆ ನಾನು ಕೈಜೋಡಿಸಲಾರೆನು. ಎಷ್ಟೇ ಲಾಭವಿದ್ದರೂ ಕಕ್ಷಿಗಾರನ ವ್ಯಾಜ್ಯವನ್ನು ನಾನೇ ಕೊಂಡುಕೊಳ್ಳಲಾರೆನು. ಕಕ್ಷಿಗಾರನ ಹಣ ನನ್ನ ಕೈಗೆ ಬಂದರೆ ಅದನ್ನು ಬೇಕಾದುದಕ್ಕಿಂತ ಒಂದು ದಿನವೂ ಹೆಚ್ಚಾಗಿ ಇಟ್ಟುಕೊಳ್ಳಲಾರೆನು. ಸಣ್ಣ ಮೊಕದ್ದಮೆಗೂ ದೊಡ್ಡ ಮೊಕದ್ದಮೆಗೂ ಒಂದೇ ಶ್ರಮ ಪಡುವೆನು. ಕೊಡಲು ಏನೂ ಇಲ್ಲದ ಬಡವನ ಪಕ್ಷದಲ್ಲಿ ನ್ಯಾಯವಿದ್ದರೆ ಅವನಿಗಾಗಿ ಸಂತೋಷದಿಂದ ದುಡಿಯುವೆನು. ನಾನು ದೊಡ್ಡ ಮನುಷ್ಯನಾದ ಕಾಲಕ್ಕೆ ಆ ದೊಡ್ಡತನವನ್ನು ಕಿರಿಯ ವಕೀಲರ ಮುಂದೆ ಮೆರೆಸಿ ಅವರಿಗೆ ಕೇಡಾಗುವಂತೆ ಮಾಡಲಾರೆನು. ಇವು ಅವುಗಳಲ್ಲಿ ಕೆಲವುಗಳ ಸಾರ. ತಪ್ಪು ಕೆಲಸವನ್ನು ಎಲ್ಲರೂ ಮಾಡುತ್ತಿದ್ದಾರೆಂಬ ಕಾರಣದಿಂದ ಅದು ಸರಿಯಾಗದು, ಇತರರ ಮನಸ್ಸಾಕ್ಷಿಯಲ್ಲ, ನನ್ನ ಮನಸ್ಸಾಕ್ಷಿಯೇ ನನಗೆ ದಾರಿ ತೋರಬೇಕು ಎಂಬುದೂ ಅವುಗಳಲ್ಲೊಂದು.

ಐವತ್ತನೆಯದು ಎಲ್ಲಕ್ಕಿಂತ ಸರಳವಾದುದು. ಹಿಂದಿನ ನಲವತ್ತೊಂಬತ್ತನ್ನೂ ವೃತ್ತಿಯಲ್ಲಿರುವವರೆಗೆ ವರ್ಷಕ್ಕೆ ಎರಡು ಸಲ ಓದಿಕೊಳ್ಳುವೆನು ಎಂಬುದೇ ಅದು. ನೀತಿಯನ್ನು ಒಮ್ಮೆ ಕಲಿತು ಪರೀಕ್ಷೆ ಮುಗಿಸಿದರೆ ಸಾಲದು, ಮನುಷ್ಯನು ಮರೆಯುವ ಪ್ರಾಣಿ ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಈ ಅರಿವು ಗ್ರಂಥದಿಂದ ಬಂದುದಲ್ಲವೆಂದು ನನಗೆ ತೋರುತ್ತದೆ. ನಿತ್ಯವೂ ಕೋರ್ಟಿಗೆ ಹೋಗಿ ಬರುವವನಿಗೆ ಮಾತ್ರ ಅದು ಬಂದೀತು. ಬೆಳಗ್ಗೆ ಮಾಡಿದ ನಿಶ್ಚಯ ಸಂಜೆಯ ಫೀಜಿನ ಮುಂದೆ ಹೇಗೆ ಕರಗುತ್ತದೆಂಬುದನ್ನು ಅವನು ಕಣ್ಣಾರೆ ಕಂಡಿರಬೇಕು.

ಇನ್ನು ಹನ್ನೆರಡನೆಯ ಸಂಕಲ್ಪದ ವಿಷಯ. ನಾನು ಈ ಲೇಖನ ಬರೆಯಲು ಕಾರಣವಾದುದೇ ಅದು. ಆದುದರಿಂದ ನನ್ನ ಮನೆಯ ಒಂದು ಸಂಗತಿಯನ್ನು ಹೇಳುವುದಕ್ಕೆ ಓದುಗರ ಅಪ್ಪಣೆ ಬೇಡುತ್ತೇನೆ.

ನಮ್ಮದು ಮಳೆಯನ್ನು ನಂಬಿದ ಬೇಸಾಯ. ನನ್ನ ತಂದೆಯವರು ಕೆಲವು ವರ್ಷಗಳ ಹಿಂದೆ ಕೊಳವೆ ಬಾವಿ ಕೊರೆಸಲು ನಮ್ಮೂರಿನ ಹಿರಿಯರೊಬ್ಬರ ಹತ್ತಿರ 40,000 ರೂಪಾಯಿ ಕೈಸಾಲ ತಂದು ಪ್ರೋನೋಟು ಬರೆದುಕೊಟ್ಟಿದ್ದರು. ಬಾವಿಯಲ್ಲಿ ನೀರು ಬರಲಿಲ್ಲ. ಸಾಲ ಕೊಟ್ಟವರು ಕಾಲವಾದರು. ನಾಲ್ಕನೆಯ ವರ್ಷದಲ್ಲಿ ಅವರ ಹೆಂಡತಿ ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಮೂರು ವರ್ಷ ದಾಟಿದ ನೋಟು ಸತ್ತ ನೋಟು, ಒಂದು ಕಾಸೂ ಕೊಡಬೇಕಾಗಿಲ್ಲವೆಂದು ವ್ಯವಹಾರ ತಿಳಿದವರೊಬ್ಬರು ತಂದೆಯವರಿಗೆ ಹೇಳಿದರು. ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆತನದಲ್ಲಿ ಮೊದಲು ಕಾಲೇಜಿಗೆ ಬಂದವನು ನಾನು. ನೀನು ಓದಿದವನು, ಪುಸ್ತಕದಲ್ಲಿ ನೋಡಿಕೊಂಡು ಬಾ ಎಂದು ನನಗೆ ಹೇಳಿದರು. ನಾನು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನೋಡಿದೆನು. ಆ ಮನುಷ್ಯ ಹೇಳಿದುದು ಸರಿಯಾಗಿಯೇ ಇತ್ತು. ದಾವೆ ಹೂಡುವ ಅವಧಿ ಮೂರು ವರ್ಷ, ಅದು ಮುಗಿದಿತ್ತು. ನಿಜ ಹೇಳುತ್ತೇನೆ, ನನಗೆ ಆಗ ಹೆಮ್ಮೆಯಾಯಿತು. ನನ್ನ ಓದು ಮನೆಗೆ 40,000 ರೂಪಾಯಿ ಉಳಿಸಿತೆಂದು ಭಾವಿಸಿದೆನು. ಇದನ್ನು ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರೊಬ್ಬರ ಮುಂದೆ ಹೇಳಿಕೊಂಡಾಗ ಅವರು ನಕ್ಕು, ಬಿ.ಎ. ಆದ ಮೇಲೆ ಕಾನೂನು ಓದುವ ಯೋಚನೆಯಿದ್ದರೆ ಹಾಫ್‌ಮನ್ನನ ಹನ್ನೆರಡನೆಯ ಸಂಕಲ್ಪವನ್ನು ಹುಡುಕಿ ಓದು ಎಂದರು. ಅಷ್ಟರಿಂದಲೇ ನನಗೆ ಆ ಹೆಸರು ತಿಳಿದದ್ದು.

ಹನ್ನೆರಡನೆಯ ಸಂಕಲ್ಪ ಇದು. ಕೇವಲ ಕಾಲ ಕಳೆದುಹೋಯಿತೆಂಬ ನೆಪದಿಂದ ಸಾಲವನ್ನು ತಳ್ಳಿಹಾಕುವ ವಾದವನ್ನು ನಾನು ಎಂದೂ ಮಾಡಲಾರೆನು. ಸಾಲ ತೀರಿಲ್ಲವೆಂಬುದು ಕಕ್ಷಿಗಾರನಿಗೇ ಗೊತ್ತಿದ್ದು, ಬೇರೆ ಯಾವ ಸಮಾಧಾನವೂ ಅವನಲ್ಲಿಲ್ಲದಿದ್ದರೆ, ಅವನ ಮೋಸದಲ್ಲಿ ನಾನು ಪಾಲುಗಾರನಾಗಲಾರೆನು. ಹದಿಮೂರನೆಯದೂ ಇದರ ಜೊತೆಯದೇ. ಸಾಲ ಮಾಡಿದಾಗ ನಾನು ಮೈನರಾಗಿದ್ದೆನೆಂದು ಹೇಳಿ ನ್ಯಾಯವಾದ ಬಾಕಿಯನ್ನು ತಪ್ಪಿಸಿಕೊಳ್ಳಬಯಸುವವನಿಗೂ ಅವನು ವಕೀಲನಾಗಲಾರನು.

ಓದಿ ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯೊಂದರಿಂದಲೇ ಪ್ರಶ್ನೆ ಬಗೆಹರಿಯುವುದಿಲ್ಲ. ಹಾಫ್‌ಮನ್ನನಿಗೂ ಎದುರು ವಾದ ಹೂಡಿದವನೊಬ್ಬನಿದ್ದನು. ಅವನೂ ವಕೀಲನೇ, ಅವನೂ ದಾರ್ಶನಿಕನಲ್ಲ. ಫಿಲಡೆಲ್ಫಿಯಾದ ಜಾರ್ಜ್ ಷಾರ್ಸ್‌ವುಡ್ ಎಂಬ ನ್ಯಾಯಾಧೀಶನು, ನಿಂತುಹೋಗಿದ್ದ ಕಾನೂನು ಪಾಠವನ್ನು 1850ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಮತ್ತೆ ಪ್ರಾರಂಭಿಸಿ, ವಕೀಲರ ಕರ್ತವ್ಯಗಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. ಅವು 1854ರಲ್ಲಿ ಅಚ್ಚಾದುವು. ಕಕ್ಷಿಗಾರನ ಪಕ್ಷ ಅನ್ಯಾಯವೆಂದು ತಾನೇ ತೀರ್ಮಾನಿಸಿ ಅವನನ್ನು ಕೈಬಿಡುವ ವಕೀಲನು, ನ್ಯಾಯಾಧೀಶರು ಕುಳಿತುಕೊಳ್ಳಬೇಕಾದ ಪೀಠದಲ್ಲಿ ತಾನು ಕುಳಿತುಕೊಂಡಂತಾಗುತ್ತದೆ ಎಂಬುದು ಅವನ ವಾದ. ಹೇಳಬೇಕಾದುದನ್ನೆಲ್ಲಾ ಎರಡು ಕಡೆಯವರೂ ಹೇಳಲಿ, ತೀರ್ಪು ಕೊಡುವುದು ಪೀಠದ ಕೆಲಸ ಎಂದನು. ಆದರೂ ಅನ್ಯಾಯವಾದ ದಾವೆಯನ್ನು ಹೂಡಲು ಬರುವ ಫಿರ್ಯಾದಿಯನ್ನು ವಕೀಲನು ಹಿಂದಕ್ಕೆ ಕಳುಹಿಸಬಹುದೆಂದು ಅವನೂ ಒಪ್ಪಿದನು.

ಈ ಎರಡು ಮತಗಳಲ್ಲಿ ಯಾವುದು ಸರಿ? ಹಾಫ್‌ಮನ್ನನ ದಾರಿಯಲ್ಲಿ ಅಪಾಯವಿಲ್ಲದೆ ಇಲ್ಲ. ಘೋರ ಅಪರಾಧ ಮಾಡಿದವರಿಗೆ ನ್ಯಾಯವಾದ ವಿಚಾರಣೆ ದೊರಕುವಷ್ಟಕ್ಕೆ ಮಾತ್ರ ನೆರವಾಗುವೆನು, ಅವರನ್ನು ಪಾರುಮಾಡಲು ಜಾಣ್ಮೆಯನ್ನೆಲ್ಲಾ ಸುರಿಯಲಾರೆನು ಎಂದು ಅವನ ಇನ್ನೊಂದು ಸಂಕಲ್ಪ ಹೇಳುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅಪರಾಧ ಮಾಡಿದನೋ ಇಲ್ಲವೋ ಎಂಬುದು ವಿಚಾರಣೆಗೆ ಮುಂಚೆಯೇ ವಕೀಲನಿಗೆ ಹೇಗೆ ತಿಳಿಯಬೇಕು? ನಮ್ಮ ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನಾದ ಪ್ರತಿಯೊಬ್ಬನಿಗೂ ತನ್ನ ಇಷ್ಟದ ವಕೀಲನಿಂದ ರಕ್ಷಣೆ ಪಡೆಯುವ ಹಕ್ಕನ್ನು ಕೊಟ್ಟಿದೆ. ಆರೋಪಿಯ ಪರವಾಗಿ ಯಾರೂ ವಕಾಲತ್ತು ಹಾಕಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಕಾನೂನಿಗೆ ವಿರುದ್ಧವೆಂದು ನಮ್ಮ ಸುಪ್ರೀಂ ಕೋರ್ಟು 2010ರಲ್ಲಿ ಖಂಡಿತವಾಗಿ ಹೇಳಿದೆ. ಇಲ್ಲಿ ನಾವು ಷಾರ್ಸ್‌ವುಡ್ಡನ ಕಡೆಗಿದ್ದೇವೆ, ಇರಬೇಕಾದುದೂ ಹಾಗೆಯೇ.

ಇನ್ನೊಂದು ಕೊರತೆಯನ್ನೂ ಮರೆಮಾಚಬಾರದು. ಹಾಫ್‌ಮನ್ನನು ಬದುಕಿದ ಮೇರಿಲ್ಯಾಂಡಿನಲ್ಲಿ ಮನುಷ್ಯರನ್ನು ಕೊಳ್ಳುವ ಮಾರುವ ಗುಲಾಮ ಪದ್ಧತಿ 1864ರವರೆಗೂ ಕಾನೂನಾಗಿಯೇ ಇತ್ತು. ಅಲ್ಲಿನ ಕೋರ್ಟುಗಳಲ್ಲಿ ಗುಲಾಮರು ಇನ್ನೊಬ್ಬರ ಸ್ವತ್ತಾಗಿ ಲೆಕ್ಕಕ್ಕೆ ಬರುತ್ತಿದ್ದರು. ಐವತ್ತು ಸಂಕಲ್ಪಗಳಲ್ಲಿ ಅದರ ಮಾತಿಲ್ಲ. ವೃತ್ತಿಯೊಳಗಿನಿಂದ ಹುಟ್ಟಿದ ನೀತಿಗೆ ಇರುವ ಮಿತಿ ಇದೇ ಇರಬೇಕು. ಕೋರ್ಟಿನ ಒಳಗೆ ನಡೆಯುವ ಅನ್ಯಾಯವನ್ನು ಅದು ಸೂಕ್ಷ್ಮವಾಗಿ ಕಾಣುತ್ತದೆ. ಕೋರ್ಟು ಯಾವ ಕಾನೂನಿನ ಮೇಲೆ ನಿಂತಿದೆಯೋ ಅದೇ ಅನ್ಯಾಯವಾದಾಗ ಅದಕ್ಕೆ ಕಣ್ಣು ಸಾಲದು. ಆ ಹೊರಗಿನ ಕಣ್ಣನ್ನು ಕೊಡುವುದು ತತ್ತ್ವಶಾಸ್ತ್ರದ ಕೆಲಸ. ಹಾಫ್‌ಮನ್ನನೇ ತನ್ನ ಪಾಠಕ್ರಮದಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟಿದ್ದನೆಂಬುದನ್ನು ನೆನೆದರೆ, ತನಗೇನು ಸಾಲದೆಂಬುದು ಅವನಿಗೆ ಸ್ವಲ್ಪಮಟ್ಟಿಗಾದರೂ ತಿಳಿದಿತ್ತೆಂದು ಊಹಿಸಬಹುದು.

ಅವನ ಕೊನೆಯ ವರ್ಷಗಳು ಅಲೆದಾಟದಲ್ಲಿ ಕಳೆದುವು. ಬಾಲ್ಟಿಮೋರನ್ನು ಬಿಟ್ಟು ಕೆಲವು ವರ್ಷ ಫಿಲಡೆಲ್ಫಿಯಾದಲ್ಲಿ ವಕೀಲಿ ನಡೆಸಿದನು. 1847ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನಲ್ಲಿ ನೆಲೆಸಿದನು. ಅಲ್ಲಿ ಜಾನ್ ಫ್ರೀಮಾಂಟ್ ಎಂಬುವನ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳ ವ್ಯವಹಾರಕ್ಕೆ ಏಜೆಂಟನಾದನು; ಅದು ಕೊನೆಗೆ ಮನಸ್ತಾಪದಲ್ಲಿ ಮುಗಿಯಿತು. ಕಾನೂನನ್ನು ಬದಿಗಿಟ್ಟು, ಸಾವಿಲ್ಲದೆ ಲೋಕವೆಲ್ಲಾ ಅಲೆಯುವ ಯೆಹೂದ್ಯನೊಬ್ಬನ ಐತಿಹ್ಯವನ್ನು ಹಿಡಿದು ಒಂದು ಬೃಹತ್ ಗ್ರಂಥವನ್ನು ಬರೆಯತೊಡಗಿದನು. ಆರು ಸಂಪುಟಗಳ ಯೋಜನೆ, ಅಚ್ಚಾದುವು ಮೂರು. ತಾಯ್ನಾಡಿಗೆ ಹಿಂದಿರುಗಿ, 1854ನೆಯ ನವೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಲಕ್ವ ಬಡಿದು ತೀರಿಕೊಂಡನು. ಆಗ ಅವನಿಗೆ ಎಪ್ಪತ್ತು ತುಂಬಲು ಕೆಲವು ವಾರಗಳಿದ್ದುವು. ಷಾರ್ಸ್‌ವುಡ್ಡನ ಪುಸ್ತಕ ಹೊರಬಂದುದೂ ಅದೇ ವರ್ಷ. ಒಬ್ಬನ ಕೈಯಿಂದ ಜಾರಿದ ಕೋಲನ್ನು ಇನ್ನೊಬ್ಬನು ಎತ್ತಿಕೊಂಡಂತಾಯಿತು.

ಮುಂದೆ ನಡೆದುದನ್ನು ಹಾಫ್‌ಮನ್ನನು ಕಾಣಲಿಲ್ಲ. 1887ರಲ್ಲಿ ಅಲಬಾಮ ಸಂಸ್ಥಾನದ ವಕೀಲರ ಸಂಘವು ವೃತ್ತಿಧರ್ಮದ ನಿಯಮಗಳನ್ನು ಮಾಡಿತು. ಅದರಲ್ಲಿ ಷಾರ್ಸ್‌ವುಡ್ಡನ ಪ್ರಭಾವ ಸ್ಪಷ್ಟವಾಗಿದೆ. 1908ರಲ್ಲಿ ಅಖಿಲ ಅಮೆರಿಕದ ವಕೀಲರ ಸಂಘವು ದೇಶಕ್ಕೆಲ್ಲಾ ಅನ್ವಯಿಸುವಂತೆ ಇಂಥ ನಿಯಮಗಳನ್ನು ಅಂಗೀಕರಿಸಿತು. ಅದಕ್ಕೆ ಸಿದ್ಧತೆ ನಡೆಸಿದ ಸಮಿತಿಯು, ಎಪ್ಪತ್ತು ವರ್ಷ ಹಳೆಯದಾಗಿದ್ದ ಐವತ್ತು ಸಂಕಲ್ಪಗಳನ್ನು ಮತ್ತೆ ಅಚ್ಚು ಹಾಕಿಸಿ ಸದಸ್ಯರ ಮುಂದೆ ಇಟ್ಟಿತು. ತರಗತಿಯಲ್ಲಿ ಬೆರಳೆಣಿಕೆಯ ಹುಡುಗರು ಕೇಳಿದ ಪಾಠವನ್ನು ಒಂದು ದೇಶದ ವಕೀಲರೆಲ್ಲಾ ಕೇಳುವಂತಾಯಿತು.

ನಮ್ಮ ದೇಶದಲ್ಲಿ 1961ರ ವಕೀಲರ ಕಾಯಿದೆಯಂತೆ ಭಾರತೀಯ ವಕೀಲರ ಪರಿಷತ್ತು ನಡತೆಯ ನಿಯಮಗಳನ್ನು ಮಾಡಿದೆ. ಕಕ್ಷಿಗಾರನ ಹಣಕ್ಕೆ ಸರಿಯಾದ ಲೆಕ್ಕ ಕೊಡಬೇಕು, ವ್ಯಾಜ್ಯದ ಫಲದಲ್ಲಿ ಪಾಲು ಕೇಳಕೂಡದು, ದಾವೆಯ ಹಕ್ಕನ್ನು ಕೊಂಡು ವ್ಯಾಪಾರ ಮಾಡಕೂಡದು ಎಂಬುವೆಲ್ಲಾ ಅಲ್ಲಿವೆ. ಓದುವಾಗ ಹಾಫ್‌ಮನ್ನನ ಸಂಕಲ್ಪಗಳು ನೆನಪಿಗೆ ಬರುತ್ತವೆ. ಒಂದೇ ವ್ಯತ್ಯಾಸ: ಇವು ವಕೀಲನಿಗೆ ಹೇಳಿದ ಮಾತುಗಳು, ಅವು ವಕೀಲನು ತನಗೆ ತಾನೇ ಹೇಳಿಕೊಂಡ ಮಾತುಗಳು. ನಿಯಮ ಮುರಿದರೆ ಶಿಕ್ಷೆಯುಂಟು. ಸಂಕಲ್ಪ ಮುರಿದರೆ ಮುರಿದವನಿಗಲ್ಲದೆ ಇನ್ನಾರಿಗೂ ತಿಳಿಯುವುದಿಲ್ಲ.

ಈ ವ್ಯತ್ಯಾಸದಲ್ಲಿಯೇ ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿದೆಯೆಂದು ನನ್ನ ಅಲ್ಪಮತಿಗೆ ತೋರುತ್ತದೆ. ತತ್ತ್ವಶಾಸ್ತ್ರ ತಿಳಿಯದವನು ವೃತ್ತಿಧರ್ಮವನ್ನು ಕಲಿಸಬಹುದು. ಆದರೆ ಕಲಿಸುವ ಮಾತನ್ನು ಮೊದಲು ತನ್ನ ಮೇಲೆ ಹಾಕಿಕೊಂಡು, ನಾನು ಎಂದು ಆರಂಭಿಸಿ ಹೇಳಬೇಕು. ಅದರ ಜೊತೆಗೆ ತನಗಿಂತ ದೂರ ಕಂಡವರ ಪುಸ್ತಕಗಳಿಗೆ ಬಾಗಿಲನ್ನು ತೆರೆದಿಡಬೇಕು. ಹಾಫ್‌ಮನ್ನನು ಎರಡನ್ನೂ ಮಾಡಿದನು.

ಇನ್ನು ನಮ್ಮ ಮನೆಯ ಸಾಲದ ಕಥೆಯ ಉಳಿದ ಭಾಗ. ಹಾಫ್‌ಮನ್ನನ ಹನ್ನೆರಡನೆಯ ಸಂಕಲ್ಪ ನಮ್ಮ ದೇಶದ ಕೋರ್ಟಿನಲ್ಲಿ ನಡೆಯಲಾರದೆಂಬುದನ್ನೂ ನಾನು ಆಮೇಲೆ ಓದಿ ತಿಳಿದೆನು. 1963ರ ಕಾಲಮಿತಿ ಕಾಯಿದೆಯ 3ನೆಯ ಪ್ರಕರಣದಂತೆ, ಅವಧಿ ಮೀರಿದ ದಾವೆಯನ್ನು ಪ್ರತಿವಾದಿಯ ವಕೀಲನು ಬಾಯಿ ಬಿಡದಿದ್ದರೂ ನ್ಯಾಯಾಲಯವೇ ವಜಾ ಮಾಡಬೇಕು. ಹಾಗಾದರೆ ಇಲ್ಲಿ ವಕೀಲನ ಮನಸ್ಸಾಕ್ಷಿಗೆ ಕೆಲಸವಿಲ್ಲ. ಭಾರವೆಲ್ಲಾ ಸಾಲಗಾರನ ಮನಸ್ಸಾಕ್ಷಿಯ ಮೇಲೆ ಬೀಳುತ್ತದೆ. ಕಾನೂನು ಅವನಿಗಾಗಿ ಒಂದು ಬಾಗಿಲನ್ನು ತೆರೆದೇ ಇಟ್ಟಿದೆ. 1872ರ ಕರಾರು ಕಾಯಿದೆಯ 25ನೆಯ ಪ್ರಕರಣದಂತೆ, ಅವಧಿ ಮೀರಿದ ಸಾಲವನ್ನು ತೀರಿಸುವೆನೆಂದು ಸಾಲಗಾರನು ಹೊಸದಾಗಿ ಬರೆದು ರುಜು ಮಾಡಿದರೆ ಆ ಮಾತಿಗೆ ಮತ್ತೆ ಜೀವ ಬರುತ್ತದೆ.

ಇದನ್ನೆಲ್ಲಾ ನಾನು ತಂದೆಯವರಿಗೆ ವಿವರಿಸಿದೆನು. ಅವರು ಕೊನೆಯವರೆಗೂ ಕೇಳಿ, ಕಾಯಿದೆ ಏನಾದರೂ ಹೇಳಲಿ, ದುಡ್ಡು ತಂದದ್ದು ಹೌದೋ ಅಲ್ಲವೋ ಎಂದಷ್ಟೇ ಕೇಳಿದರು. ಒಟ್ಟಿಗೆ ಕೊಡುವ ಶಕ್ತಿ ನಮಗಿರಲಿಲ್ಲ. ಆ ಭಾನುವಾರ ಆ ತಾಯಿಯನ್ನು ಮನೆಗೆ ಕರೆಸಿದರು. ಕಡಲೆಕಾಯಿ ಸುಗ್ಗಿಗೆ ಇಷ್ಟಿಷ್ಟೆಂದು ಮೂರು ಕಂತುಗಳಲ್ಲಿ ಅಸಲನ್ನು ತೀರಿಸುವುದಾಗಿ ಹೊಸ ಪತ್ರ ಸಿದ್ಧವಾಯಿತು. ತಂದೆಯವರು ರೆವಿನ್ಯೂ ಸ್ಟಾಂಪಿನ ಮೇಲೆ ಹೆಬ್ಬೆಟ್ಟು ಒತ್ತಿದರು. ಪತ್ರ ಬರೆದವನು ನಾನೇ ಆದುದರಿಂದ ಕೆಳಗೆ ಬಿಕ್ಕಲಂ ಎಂದು ಬರೆದು ನನ್ನ ಹೆಸರು ಹಾಕಿದೆನು. ಮೊದಲನೆಯ ಕಂತು ಸಂದಿದೆ, ಇನ್ನೆರಡು ಇವೆ. ಆ ಪತ್ರದ ನಕಲೊಂದು ನನ್ನ ಪುಸ್ತಕಗಳ ನಡುವೆ ಇದೆ. ವರ್ಷಕ್ಕೆ ಎರಡು ಸಲ ಅದನ್ನು ತೆಗೆದು ಓದಬೇಕೆಂದುಕೊಂಡಿದ್ದೇನೆ.